ಮುಖ ಕಂಡಿಲ್ಲ, ಕೊಳೆ ಕಂಡಿದ್ದೇನೆ

ಶನಿವಾರದ ‘ಕಂಸವಧೆ’ ಯಕ್ಷಗಾನ ಆಟದ ರಜಕ, ಅಂದರೆ ಕಂಸನ ಅಗಸ, ಇನ್ನೂ ತಲೆಯಲ್ಲೇ ಕೂತಿದ್ದಾನೆ. ಆ ಪಾತ್ರ ಮಾಡಿದ ಹಾಸ್ಯಗಾರ ಹೊಸ ಹುಡುಗ. ಬಟ್ಟೆಗಂಟು ಹೊತ್ತು ಬಂದ, ಪದ್ಯ ಹಾಡಿ ಆಟ ನಡೆಸುವ ಭಾಗವತರು ವಾಡಿಕೆಯಂತೆ ಕೆಣಕಿದರು.

“ಅರಸನನ್ನು ಕಂಡಿದ್ದೀಯೇನಯ್ಯಾ?”

“ಮುಖ ಕಂಡಿಲ್ಲ ಭಾಗವತ್ರೇ, ಕೊಳೆ ಕಂಡಿದ್ದೇನೆ.”

“ಎಲ್ಲಿ ಹೆಚ್ಚು?”

“ಕುತ್ತಿಗೆ ಹತ್ರ. ಈಚೆಗೆ ಬೆವರು ಜಾಸ್ತಿ.”

ಕಂಸ ಹೂಡಿದ ಬಿಲ್ಲಹಬ್ಬಕ್ಕೆ ಕೃಷ್ಣ ಊರೊಳಗೆ ಬಂದಾಗಿದೆ. ಕಂಸನ ಹೆದರಿಕೆಯನ್ನು ಅಗಸ ಬಟ್ಟೆಯಲ್ಲಿ ಓದಿಬಿಟ್ಟ! ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ, ಮಾತೆಲ್ಲ ಅಲ್ಲೇ ಹುಟ್ಟಬೇಕು. ಹುಟ್ಟುವುದು ಜೋಕಿನಿಂದಲ್ಲ, ಪಾತ್ರಕ್ಕೆ ಯಾವುದರ ಜಂಬ ಎಂಬುದರಿಂದ. ಈ ರಜಕನಿಗೆ ಅರಮನೆಯ ಕೊಳೆಯದೇ ಜಂಬ. ಅದಕ್ಕೇ ‘ಕೊಳೆ’ ಎನ್ನುವಾಗ ಹುಡುಗ ಗಂಟನ್ನು ಮೆಲ್ಲಗೆ ತಟ್ಟಿದ, ನಗಲಿಲ್ಲ. ಮದ್ದಳೆಯವರೂ ಜಾಣರು, ನಗು ಇಳಿಯುವವರೆಗೆ ಕೈ ಎತ್ತಲಿಲ್ಲ.

ಜಾತಿ ಹಂಗಿಸಿ, ಕುಲಕಸುಬು ಹಂಗಿಸಿ ನಗಿಸುವ ರಜಕರನ್ನು ಬೇಕಾದಷ್ಟು ನೋಡಬಹುದು. ಅದು ಸೋಮಾರಿತನ. ಇಲ್ಲಿ ನಗೆಪಾಟಲಾದವನು ಅರಸ.

ಆಮೇಲೆ ಭಾಗವತರು, “ಕಾಲು ಯಾಕೋ ಎಳೀತೀಯಲ್ಲ?” ಎಂದರು. ಅವನು ಎಳೆಯುತ್ತಿರಲಿಲ್ಲ. ಆದರೆ ಭಾಗವತರ ಬಾಯಿಂದ ಬಂದದ್ದನ್ನು ‘ಇಲ್ಲ’ ಎಂದರೆ ಮಾತು ಅಲ್ಲಿಗೇ ಸತ್ತಿತು. “ಅರಸರ ಗಂಟು ಭಾರ” ಎಂದು ಒಪ್ಪಿಕೊಂಡ, ಚಂದವಾಯಿತು. ಒಪ್ಪಿದ ಮೇಲೆ ಕೊನೆವರೆಗೂ ಅದೇ ಕಾಲು ಎಳೆಯಬೇಕು. ಭಾರ ಬಲಹೆಗಲಲ್ಲಿದ್ದರೆ ಸೊಂಟ ಎಡಕ್ಕೆ ವಾಲಬೇಕು, ಗಂಟು ಇಳಿಸುವಾಗ ಮೊದಲು ಮೊಣಕಾಲು ಮಡಚಬೇಕು. ಒಳಗೆ ಎರಡು ಹಳೇ ಸೀರೆ ತುರುಕಿದರೆ ಸಾಲದು. ನಿಜವಾಗಿ ತೂಕವಿದ್ದರೆ ಮೈ ತಾನೇ ನೆನಪಿಟ್ಟುಕೊಳ್ಳುತ್ತದೆ.

ಎಡವಿದ್ದು ಅಲ್ಲೇ. ಚಪ್ಪಾಳೆ ಬಿದ್ದದ್ದೇ ತಡ, ಹುಡುಗ ವಾಟ್ಸಾಪ್ ಜೋಕಿಗೆ ಇಳಿದ, ಗಂಟನ್ನು ಒಂದೇ ಕೈಯಲ್ಲಿ ಎತ್ತಿದ, ಕುಂಟು ಮಾಯವಾಯಿತು. ಸಭೆ ಇನ್ನೂ ಜೋರಾಗಿ ನಕ್ಕಿತು ಅನ್ನಿ. ಆದರೆ ಮುಂದೆ ಕೃಷ್ಣ ಬಟ್ಟೆ ಕೇಳಬೇಕು, ಇವನು ಸೊಕ್ಕಿನಿಂದ ಕೊಡೆನೆನ್ನಬೇಕು, ಪೆಟ್ಟು ತಿಂದು ಸಾಯಬೇಕು. ವಾಟ್ಸಾಪ್ ಓದುವವನಿಗೆ ಕಂಸನ ಬಟ್ಟೆಯ ಸೊಕ್ಕು ಎಲ್ಲಿಂದ ಬರಬೇಕು? ಕೃಷ್ಣ ಪಾತ್ರಧಾರಿ ಬಂದು ಒಂದಿಷ್ಟು ಹೊತ್ತು ಸುಮ್ಮನೆ ನಿಂತಿದ್ದ, ಯಾರನ್ನು ಕೊಲ್ಲುವುದೆಂದು ತಿಳಿಯದವನ ಹಾಗೆ.

ತಪ್ಪೆಲ್ಲ ಹುಡುಗನದಲ್ಲ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟ, ಸಿಗುವ ಹತ್ತೋ ಹದಿನೈದೋ ನಿಮಿಷದಲ್ಲಿ ಎಲ್ಲ ಗಿಟ್ಟಿಸುವ ಆತುರ ಅವನಿಗೆ. ಲಗಾಮು ಇರುವುದು ಭಾಗವತರ ಕೈಯಲ್ಲಿ. ‘ಬೆವರು ಜಾಸ್ತಿ’ಯ ನಗು ಇನ್ನೂ ಏರುತ್ತಿರುವಾಗಲೇ ಕೃಷ್ಣನ ಪದ್ಯ ಎತ್ತಿದ್ದರೆ ಮುಗಿಯುತ್ತಿತ್ತು. ಅವರೂ ನಗುತ್ತಾ ಕೂತರು.