ಐದು ಮೆಟ್ಟಿಲುಗಳ ನೃತ್ಯಮನೆ: ಪ್ಯಾರಿಸ್ ಒಪೆರಾ ಬ್ಯಾಲೆ

ಪ್ಯಾರಿಸ್ ಒಪೆರಾ ಎಂಬ ರಂಗಸಂಸ್ಥೆಯ ಬ್ಯಾಲೆ ತಂಡದವರು ವಿಶೇಷ ಸಂಜೆಗಳಲ್ಲಿ ಒಂದು ಮೆರವಣಿಗೆ ನಡೆಸುತ್ತಾರೆ. ಅದರ ಹೆಸರು ‘ದೆಫಿಲೆ’. ಅದರಲ್ಲಿ ಯಾರೂ ಕುಣಿಯುವುದಿಲ್ಲ. ಬರ್ಲಿಯೋಜ್ ರಚಿಸಿದ ಒಂದು ನಡಿಗೆಯ ಸಂಗೀತಕ್ಕೆ ಎಲ್ಲರೂ ಸುಮ್ಮನೆ ನಡೆದು ಬರುತ್ತಾರೆ. ವೇದಿಕೆಯ ಹಿಂಬದಿಗಿರುವ, ಚಿನ್ನದ ಅಲಂಕಾರದ ನೃತ್ಯಗಾರರ ಸಭಾಂಗಣದ ಬಾಗಿಲು ತೆರೆಯುತ್ತದೆ, ಅಲ್ಲಿಂದ ಶಾಲೆಯ ಪುಟ್ಟ ಹುಡುಗಿಯೊಬ್ಬಳು ಬಿಳಿಯ ಉಡುಪಿನಲ್ಲಿ ಮೊದಲು ಹೊರಡುತ್ತಾಳೆ. ಅವಳ ಹಿಂದೆ ಶಾಲೆಯ ಮಕ್ಕಳು, ಅವರ ಹಿಂದೆ ತಂಡದ ಕೆಳಗಿನ ಶ್ರೇಣಿಯವರು ಸಾಲುಗಟ್ಟಿ, ಅತ್ಯುನ್ನತ ಶ್ರೇಣಿಯವರು ಮಾತ್ರ ಒಬ್ಬೊಬ್ಬರಾಗಿ ಬಂದು ನಮಸ್ಕರಿಸುತ್ತಾರೆ. ನಾನು ಇದನ್ನು ಮೊದಲು ಒಂದು ಚಿತ್ರೀಕರಣದಲ್ಲಿ ನೋಡಿದಾಗ, ಯಾವ ನೃತ್ಯವೂ ಇಲ್ಲದ ಆ ಹದಿನೈದು ಇಪ್ಪತ್ತು ನಿಮಿಷಗಳು ಏಕೆ ಇಷ್ಟು ಕಾಡುತ್ತಿವೆ ಎಂಬುದು ಹೊಳೆಯಲಿಲ್ಲ. ಆಮೇಲೆ ಆ ಸಂಸ್ಥೆಯ ಚರಿತ್ರೆಯನ್ನು ಓದುತ್ತ ಹೋದಂತೆ ಅರ್ಥವಾಯಿತು: ಆ ಮೆರವಣಿಗೆಯಲ್ಲಿ ಅವರು ತಮ್ಮ ಸಂಸ್ಥೆಯ ಕಟ್ಟಡವನ್ನೇ, ಅಂದರೆ ಅದರ ಶ್ರೇಣಿಗಳ ಮೆಟ್ಟಿಲುಗಳನ್ನೇ ನಮಗೆ ತೋರಿಸುತ್ತಿದ್ದಾರೆ.

ಭರತನಾಟ್ಯ ಕಲಿಯುತ್ತ ಜೂನಿಯರ್, ಸೀನಿಯರ್, ವಿದ್ವತ್ ಎಂದು ಒಂದೊಂದೇ ಪರೀಕ್ಷೆ ಬರೆದು ಬಂದವಳು ನಾನು. ಮೆಟ್ಟಿಲು ಹತ್ತುವ ಭಯವೂ ಆಸೆಯೂ ನನಗೆ ಹೊಸದಲ್ಲ. ಆದರೆ ನಮ್ಮ ಪರೀಕ್ಷೆ ಮುಗಿದ ಮೇಲೆ ಕೈಗೆ ಪ್ರಮಾಣಪತ್ರ ಬರುತ್ತದೆ, ಮುಂದೆ ಕುಣಿಯುವುದೂ ಬಿಡುವುದೂ ನಮಗೆ ಬಿಟ್ಟದ್ದು. ಪ್ಯಾರಿಸ್ಸಿನಲ್ಲಿ ಪರೀಕ್ಷೆ ಮುಗಿದರೆ ಸಾಲಿನಲ್ಲೊಂದು ಸ್ಥಾನ, ಸಂಬಳ, ಮತ್ತು ನಿವೃತ್ತಿಯ ದಿನವೂ ನಿಗದಿಯಾಗುತ್ತವೆ. ಈ ವ್ಯತ್ಯಾಸವೇ ನನ್ನನ್ನು ಈ ವಿಷಯದ ಕಡೆಗೆ ಎಳೆದದ್ದು.

ಕಥೆ ಶುರುವಾಗುವುದು ಕುಣಿಯುವ ರಾಜನೊಬ್ಬನಿಂದ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 1653ರಲ್ಲಿ, ಇನ್ನೂ ಹದಿನಾಲ್ಕರ ಹರೆಯದಲ್ಲಿ, ರಾತ್ರಿಯಿಡೀ ನಡೆದ ಆಸ್ಥಾನ ಬ್ಯಾಲೆಯೊಂದರ ಕೊನೆಗೆ ಉದಯಸೂರ್ಯನ ವೇಷದಲ್ಲಿ ಕಾಣಿಸಿಕೊಂಡ. ‘ಸೂರ್ಯರಾಜ’ ಎಂಬ ಬಿರುದಿನ ನೆನಪು ಆ ವೇಷಕ್ಕೂ ಅಂಟಿಕೊಂಡಿದೆ. 1661ರಲ್ಲಿ ಅವನು ಹದಿಮೂರು ಮಂದಿ ನೃತ್ಯಗುರುಗಳನ್ನು ಸೇರಿಸಿ ರಾಜ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದ. 1669ರಲ್ಲಿ ಒಪೆರಾ ನಡೆಸುವ ಹಕ್ಕನ್ನು ಪಿಯರ್ ಪೆರಾಂ ಎಂಬ ಕವಿಗೆ ಕೊಡಲಾಯಿತು, 1672ರಲ್ಲಿ ಅದು ಸಂಗೀತಗಾರ ಲುಲ್ಲಿಯ ಕೈಸೇರಿತು. ಲುಲ್ಲಿಯ ಜೊತೆ ನೃತ್ಯದ ಹೊಣೆ ಹೊತ್ತವನು ಪಿಯರ್ ಬೋಶಾಂ. ಇಂದು ಜಗತ್ತಿನ ಯಾವ ಊರಿನ ಬ್ಯಾಲೆ ತರಗತಿಗೆ ಹೋದರೂ ಮೊದಲ ದಿನ ಕಲಿಸುವ ಪಾದಗಳ ಐದು ಸ್ಥಾನಗಳನ್ನು ಕ್ರಮಗೊಳಿಸಿದವನು ಅವನೇ ಎನ್ನುತ್ತಾರೆ. ನಮಗೆ ಅರೆಮಂಡಿ ಹೇಗೋ ಅವರಿಗೆ ಆ ಐದು ಸ್ಥಾನಗಳು ಹಾಗೆ. ಆರಂಭದಲ್ಲಿ ಸ್ತ್ರೀ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ವೃತ್ತಿಪರ ನರ್ತಕಿಯರು ಒಪೆರಾದ ವೇದಿಕೆಗೆ ಬಂದದ್ದು 1681ರಲ್ಲಿ. 1713ರಲ್ಲಿ, ತನ್ನ ಬದುಕಿನ ಕೊನೆಗಾಲದಲ್ಲಿ, ಅದೇ ರಾಜ ಒಪೆರಾಕ್ಕೆ ಒಂದು ನೃತ್ಯಶಾಲೆಯನ್ನು ಕೊಟ್ಟ. ಅವನು ಕೊಟ್ಟವುಗಳಲ್ಲಿ ಇದೇ ದೊಡ್ಡದು ಎಂದು ನನ್ನ ಎಣಿಕೆ. ಆ ಶಾಲೆ ಇಂದಿಗೂ ಇದೆ.

ಈ ಶಾಲೆಯ ಮಕ್ಕಳನ್ನು ಪ್ಯಾರಿಸ್ಸಿನವರು ಪ್ರೀತಿಯಿಂದ ‘ಪುಟ್ಟ ಇಲಿಗಳು’ ಎಂದು ಕರೆಯುತ್ತಾರೆ. 1987ರಿಂದ ಶಾಲೆ ನಗರದ ಪಕ್ಕದ ನಾಂತೇರ್ ಎಂಬಲ್ಲಿ, ವಾಸ್ತುಶಿಲ್ಪಿ ಕ್ರಿಸ್ಟಿಯಾನ್ ದ ಪೋರ್ಜಂಪಾರ್ಕ್ ವಿನ್ಯಾಸಗೊಳಿಸಿದ ಕಟ್ಟಡದಲ್ಲಿ, ವಿದ್ಯಾರ್ಥಿನಿಲಯ ಸಮೇತ ನಡೆಯುತ್ತಿದೆ. ಮಕ್ಕಳು ಒಂದು ಹೊತ್ತು ಸಾಮಾನ್ಯ ಪಾಠ ಓದುತ್ತಾರೆ, ಇನ್ನೊಂದು ಹೊತ್ತು ನೃತ್ಯ ಕಲಿಯುತ್ತಾರೆ. ಆರನೇ ವಿಭಾಗದಿಂದ ಒಂದನೇ ವಿಭಾಗದವರೆಗೆ ಇಳಿಕೆಯ ಲೆಕ್ಕದಲ್ಲಿ ಏರಬೇಕು. ಪ್ರತಿ ವರ್ಷವೂ ಪರೀಕ್ಷೆಯಿರುತ್ತದೆ, ತೇರ್ಗಡೆಯಾಗದವರು ಮನೆಗೆ ಮರಳಬೇಕು. ಕೊನೆಯ ವರ್ಷದ ಸ್ಪರ್ಧೆಯಲ್ಲಿ ತಂಡಕ್ಕೆ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ಈ ಕಠೋರತೆಯ ನಡುವೆಯೂ ನನಗೆ ಇಷ್ಟವಾದ ಒಂದು ವಾಡಿಕೆ ಅಲ್ಲಿದೆ. ಕಿರಿಯ ಮಗು ತನಗಿಂತ ಹಿರಿಯ ನರ್ತಕಿಯನ್ನೋ ನರ್ತಕನನ್ನೋ ತನ್ನ ‘ಪುಟ್ಟ ಅಮ್ಮ’ ಅಥವಾ ‘ಪುಟ್ಟ ಅಪ್ಪ’ ಆಗಿರುವಂತೆ ಕೇಳಿಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ದಿನ ಧೈರ್ಯ ಹೇಳಲು ಅಂಥವರೊಬ್ಬರು ಇದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಪರೀಕ್ಷೆಗೆ ಗೆಜ್ಜೆ ಕಟ್ಟಿದ ಎಲ್ಲರಿಗೂ ಗೊತ್ತು.

ತಂಡದೊಳಗೆ ಹೋದ ಮೇಲೆ ಐದು ಮೆಟ್ಟಿಲುಗಳು ಕಾದಿರುತ್ತವೆ. ಎಲ್ಲಕ್ಕಿಂತ ಕೆಳಗಿನದು ಕಾದ್ರಿಯ್, ಅದರ ಮೇಲೆ ಕೊರಿಫೆ, ಆಮೇಲೆ ಸುಜೆ, ಆಮೇಲೆ ಪ್ರಥಮ ನರ್ತಕ ಅಥವಾ ಪ್ರಥಮ ನರ್ತಕಿ, ತುತ್ತತುದಿಯಲ್ಲಿ ‘ಎತ್ವಾಲ್’, ಅಂದರೆ ನಕ್ಷತ್ರ. ಸುಮಾರು 150 ಮಂದಿಯ ತಂಡದಲ್ಲಿ ಕೆಳಗಿನ ಮೆಟ್ಟಿಲಿನಿಂದ ಮೇಲೇರಲು ಬಹುಕಾಲದಿಂದ ಇರುವ ದಾರಿ ಆಂತರಿಕ ಸ್ಪರ್ಧೆ. 1860ರ ಹೊತ್ತಿಗೆ, ನಿವೃತ್ತ ನರ್ತಕಿ ಮರಿ ತಾಲ್ಯೋನಿ ಒಪೆರಾಕ್ಕೆ ಗುರುವಾಗಿ ಮರಳಿದ್ದ ಕಾಲದಲ್ಲಿ, ಈ ಪರೀಕ್ಷಾ ಪದ್ಧತಿ ಗಟ್ಟಿಯಾಯಿತು. ಸ್ಪರ್ಧಿಗಳು ನಿಗದಿಪಡಿಸಿದ ಒಂದು ತುಣುಕನ್ನೂ ತಾವೇ ಆರಿಸಿಕೊಂಡ ಇನ್ನೊಂದನ್ನೂ ತೀರ್ಪುಗಾರರ ಮುಂದೆ ಒಬ್ಬೊಬ್ಬರಾಗಿ ಕುಣಿಯಬೇಕು. ತೀರ್ಪುಗಾರರಲ್ಲಿ ಸಹನರ್ತಕರೇ ಆರಿಸಿ ಕಳುಹಿಸಿದವರೂ ಇರುತ್ತಾರೆ. ಎತ್ವಾಲ್ ಪದವಿಗೆ ಸ್ಪರ್ಧೆಯಿಲ್ಲ. ನೃತ್ಯ ನಿರ್ದೇಶಕರ ಶಿಫಾರಸಿನ ಮೇಲೆ ಒಪೆರಾದ ಮುಖ್ಯಸ್ಥರು ನೇಮಿಸುತ್ತಾರೆ, ಮತ್ತು ಸಾಮಾನ್ಯವಾಗಿ ಪ್ರದರ್ಶನ ಮುಗಿದ ಕೂಡಲೇ, ಬೆವರು ಆರುವ ಮೊದಲೇ, ಪ್ರೇಕ್ಷಕರ ಎದುರಿಗೇ ಘೋಷಿಸುತ್ತಾರೆ. 1984ರ ಡಿಸೆಂಬರಿನಲ್ಲಿ ಸಿಲ್ವಿ ಗಿಯೆಮ್ ಪ್ರಥಮ ನರ್ತಕಿಯಾದ ಕೆಲವೇ ದಿನಗಳಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ‘ಹಂಸ ಸರೋವರ’ ಬ್ಯಾಲೆಯ ಪ್ರದರ್ಶನದ ನಂತರ ಎತ್ವಾಲ್ ಆದರು.

ಇಷ್ಟು ಬಿಗಿಯಾದ ವ್ಯವಸ್ಥೆ ಕೃತಿಗಳನ್ನೂ ಹಾಗೆಯೇ ಕಾಪಾಡಿರಬೇಕು ಎಂದು ನಾನು ಭಾವಿಸಿದ್ದೆ. ಸಂಗತಿ ಬೇರೆಯಿದೆ. 1832ರಲ್ಲಿ ‘ಲಾ ಸಿಲ್ಫೀದ್’ನಲ್ಲಿ ತಾಲ್ಯೋನಿ ಬೆರಳ ತುದಿಯ ಮೇಲೆ ನಿಂತು ಕಾವ್ಯ ಬರೆದದ್ದು ಇದೇ ಒಪೆರಾದಲ್ಲಿ, 1841ರಲ್ಲಿ ಕಾರ್ಲೊತ್ತಾ ಗ್ರೀಸಿ ‘ಜಿಸೆಲ್’ ಆಗಿ ಕುಣಿದದ್ದೂ ಇಲ್ಲಿಯೇ. ಆದರೆ 1868ರ ನಂತರ ಜಿಸೆಲ್ ಪ್ಯಾರಿಸ್ಸಿನ ವೇದಿಕೆಯಿಂದ ಕಣ್ಮರೆಯಾಯಿತು. ಅದನ್ನು ಕಾಪಾಡಿದವರು ರಷ್ಯನ್ನರು. 1910ರಲ್ಲಿ ದಿಯಾಗಿಲೆವ್ ತನ್ನ ರಷ್ಯನ್ ತಂಡದೊಂದಿಗೆ, ಕಾರ್ಸಾವಿನಾ ಮತ್ತು ನಿಜಿನ್‌ಸ್ಕಿ ಅವರನ್ನು ಮುಖ್ಯ ಪಾತ್ರಗಳಲ್ಲಿಟ್ಟು, ಅದನ್ನು ಹುಟ್ಟಿದ ಮನೆಗೇ ತಂದು ತೋರಿಸಿದ.

ನಮಗೆ ಇನ್ನೂ ಹತ್ತಿರದ ಒಂದು ಉದಾಹರಣೆಯಿದೆ. 1858ರ ಜುಲೈಯಲ್ಲಿ ಪ್ಯಾರಿಸ್ ಒಪೆರಾದಲ್ಲಿ ‘ಸಕುಂತಲಾ’ ಎಂಬ ಬ್ಯಾಲೆ ರಂಗಕ್ಕೆ ಬಂತು. ಕಾಳಿದಾಸನ ಶಾಕುಂತಲವನ್ನು ಆಧರಿಸಿ ಕಥಾರೂಪ ಬರೆದವರು ಕವಿ ತಿಯೋಫಿಲ್ ಗೋತಿಯೆ, ಸಂಗೀತ ಅರ್ನೆಸ್ಟ್ ರೆಯೆರ್ ಅವರದು, ನೃತ್ಯ ಸಂಯೋಜನೆ ಲೂಸಿಯೆನ್ ಪೆತಿಪಾ ಅವರದು. ಈ ಗೋತಿಯೆ 1838ರಲ್ಲಿ ಪುದುಚೇರಿ ಕಡೆಯಿಂದ ಪ್ಯಾರಿಸ್ಸಿಗೆ ಬಂದಿದ್ದ ದೇವದಾಸಿಯರ ತಂಡವನ್ನು ಕಣ್ಣಾರೆ ಕಂಡು, ಅವರಲ್ಲಿ ಅಮನಿ ಎಂಬುವಳ ಬಗ್ಗೆ ಮನಸೋತು ಬರೆದವರು. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲಕ್ಕಿಂತ ಮೊದಲೇ ದುಷ್ಯಂತನ ಉಂಗುರ ಪ್ಯಾರಿಸ್ಸಿನ ಗ್ಯಾಸ್ ದೀಪಗಳ ಬೆಳಕು ಕಂಡಿತ್ತು ಎಂದು ನೆನೆದರೆ ನನಗೆ ಇಂದಿಗೂ ಬೆರಗು. ಆ ಬ್ಯಾಲೆ ಬಾಳಲಿಲ್ಲ, ಅದರ ಹೆಜ್ಜೆಗಳು ಉಳಿಯಲಿಲ್ಲ. ಆದರೆ ಲೂಸಿಯೆನ್ ಅವರ ತಮ್ಮ ಮರಿಯುಸ್ ಪೆತಿಪಾ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದೇವಾಲಯದ ನರ್ತಕಿಯ ಕಥೆಯುಳ್ಳ ‘ಲಾ ಬಯದೇರ್’ ಅನ್ನು ಸಂಯೋಜಿಸಿದರು. ಅದೇ ರಷ್ಯನ್ ಪರಂಪರೆಯಲ್ಲಿ ಬೆಳೆದು, 1961ರಲ್ಲಿ ಪ್ಯಾರಿಸ್ಸಿನ ಲ ಬೂರ್ಜೆ ವಿಮಾನ ನಿಲ್ದಾಣದಲ್ಲಿ ಸೋವಿಯತ್ ತಂಡವನ್ನು ತೊರೆದು ಉಳಿದ ರುಡಾಲ್ಫ್ ನುರೆಯೆವ್, 1992ರ ಅಕ್ಟೋಬರ್ 8ರಂದು ಆ ಕೃತಿಯನ್ನು ಪ್ಯಾರಿಸ್ ಒಪೆರಾಕ್ಕೆ ಪೂರ್ಣರೂಪದಲ್ಲಿ ತಂದರು. ಆಗ ಅವರು ತೀವ್ರ ಅಸ್ವಸ್ಥರಾಗಿದ್ದರು. ಮೂರು ತಿಂಗಳೊಳಗೆ, 1993ರ ಜನವರಿ 6ರಂದು ತೀರಿಕೊಂಡರು. ಆ ಬ್ಯಾಲೆಯ ಭಾರತ ನಮ್ಮ ಭಾರತವಲ್ಲ, ಅದರ ದೇವದಾಸಿಯ ಅಡವುಗಳು ಯಾವ ಗುರುವೂ ಕಲಿಸಿದವಲ್ಲ. ಆದರೂ ಛಾಯಾಲೋಕದ ದೃಶ್ಯದಲ್ಲಿ ಬಿಳಿಯುಡುಪಿನ ನರ್ತಕಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಒಂದೇ ಚಲನೆಯನ್ನು ಮತ್ತೆಮತ್ತೆ ಮಾಡುತ್ತ ಇಳಿದು ಬರುವಾಗ, ಆ ತಂಡದ ಕಾದ್ರಿಯ್‌ಗಳ ಮತ್ತು ಕೊರಿಫೆಗಳ ತಾಲೀಮು ಎಂಥದೆಂದು ತಿಳಿಯುತ್ತದೆ. ಅಲ್ಲಿ ನಾಯಕಿಗಿಂತ ಸಾಲು ದೊಡ್ಡದು.

ಹೀಗೆ ಕೃತಿಗಳು ಕಳೆದುಹೋಗಿ ಬೇರೆಯವರ ಕೈಯಿಂದ ಮರಳಿ ಬಂದರೂ, ಅವು ಬಂದಾಗ ಕುಣಿಯಬಲ್ಲ ಕಾಲುಗಳು ಸಿದ್ಧವಾಗಿದ್ದವು. ಶಾಲೆ ಮತ್ತು ಶ್ರೇಣಿ ಎಂಬೆರಡು ಕಂಬಗಳು ಮುರಿಯದೇ ಇದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮನೆಗೆ ಕೆಟ್ಟ ದಿನಗಳೂ ಬಂದಿವೆ. 1862ರಲ್ಲಿ ತಾಲೀಮಿನ ನಡುವೆ ತಾಲ್ಯೋನಿಯ ಪ್ರಿಯಶಿಷ್ಯೆ ಎಮ್ಮಾ ಲಿವ್ರಿಯ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಗುಲಿತು. ತಿಂಗಳುಗಟ್ಟಲೆ ನರಳಿ ಮರುವರ್ಷ ಅವಳು ತೀರಿಕೊಂಡಾಗ ವಯಸ್ಸು ಇನ್ನೂ ಇಪ್ಪತ್ತು. 1870ರಲ್ಲಿ ‘ಕೊಪ್ಪೇಲಿಯಾ’ದ ನಾಯಕಿಯಾಗಿ ಮೆರೆದ ಜುಸೆಪ್ಪೀನಾ ಬೊಜ್ಜಾಕಿ, ಅದೇ ವರ್ಷದ ನವೆಂಬರಿನಲ್ಲಿ, ಪ್ರಷ್ಯನ್ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದಾಗ, ತನ್ನ ಹದಿನೇಳನೇ ಹುಟ್ಟುಹಬ್ಬದ ದಿನವೇ ಸತ್ತಳು. ಅದೇ ಕೊಪ್ಪೇಲಿಯಾದ ನಾಯಕ ಫ್ರಾನ್ಜ್‌ನ ಪಾತ್ರವನ್ನು ಹೆಂಗಸೊಬ್ಬಳು ಮಾಡಿದ್ದಳು. ಗಂಡಸರ ನೃತ್ಯ ಅಷ್ಟು ಸೊರಗಿತ್ತು. ಹಣವಂತ ಚಂದಾದಾರರಿಗೆ ನರ್ತಕಿಯರ ಸಭಾಂಗಣದೊಳಗೆ ಪ್ರವೇಶವಿತ್ತು, ಬಡ ಮನೆಗಳಿಂದ ಬಂದ ಹುಡುಗಿಯರ ಬದುಕು ಅವರ ಮರ್ಜಿಗೆ ಸಿಕ್ಕಿತ್ತು. ಚಿತ್ರಕಾರ ದೆಗಾ ಬಿಡಿಸಿದ ನರ್ತಕಿಯರ ಚಿತ್ರಗಳ ಅಂಚಿನಲ್ಲಿ ನಿಂತ ಕಪ್ಪು ಕೋಟಿನ ಗಂಡಸರು ಇವರೇ. ಪೋಷಕರ ಕಣ್ಣಿನ ಕೆಳಗೆ ಕುಣಿಯಬೇಕಾದ ಸಂಕಟ ನಮ್ಮ ನೃತ್ಯದ ಚರಿತ್ರೆಗೂ ಗೊತ್ತಿರುವುದರಿಂದ ಆ ಚಿತ್ರಗಳನ್ನು ನಾನು ಚಂದವೆಂದು ಮಾತ್ರ ನೋಡಲಾರೆ.

ಗಂಡಸರ ನೃತ್ಯಕ್ಕೆ ಮತ್ತೆ ಜೀವ ಬಂದದ್ದು ಕೀವ್‌ನಲ್ಲಿ ಹುಟ್ಟಿದ ನರ್ತಕ, ನೃತ್ಯ ಸಂಯೋಜಕ ಸೆರ್ಜ್ ಲಿಫಾರ್ 1929ರ ಕೊನೆಗೆ ಬಂದ ಮೇಲೆ. ದೆಫಿಲೆಗೆ ಇಂದಿನ ರೂಪ ಬಂದದ್ದೂ, ಚಂದಾದಾರರಿಗೆ ಆ ಸಭಾಂಗಣದ ಬಾಗಿಲು ಮುಚ್ಚಿದ್ದೂ ಅವರ ಕಾಲದಲ್ಲಿ. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ನಡೆದುಕೊಂಡ ರೀತಿಗಾಗಿ ಯುದ್ಧಾನಂತರ ಕೆಲಕಾಲ ಅವರನ್ನು ದೂರವಿಡಲಾಯಿತು. ಅವರ ಹೆಸರು ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ. 1983ರಿಂದ 1989ರವರೆಗೆ ನಿರ್ದೇಶಕರಾಗಿದ್ದ ನುರೆಯೆವ್ ಶ್ರೇಣಿಯ ಲೆಕ್ಕವನ್ನು ಬದಿಗಿಟ್ಟು ಚಿಕ್ಕ ವಯಸ್ಸಿನವರಿಗೆ ದೊಡ್ಡ ಪಾತ್ರಗಳನ್ನು ಕೊಟ್ಟರು. ಅದರಿಂದ ಜಗಳಗಳೂ ಆದವು, ಒಂದು ಪೀಳಿಗೆಯೇ ಅರಳಿತು ಕೂಡ.

ಮೆಟ್ಟಿಲುಗಳು ಯಾರನ್ನು ಹತ್ತಗೊಟ್ಟಿಲ್ಲ ಎಂಬ ಪ್ರಶ್ನೆಯನ್ನು ಈಚೆಗೆ ತಂಡದೊಳಗಿನವರೇ ಕೇಳಿದ್ದಾರೆ. 2020ರಲ್ಲಿ ಕಪ್ಪು ವರ್ಣದ ಕೆಲವು ನರ್ತಕರು ಸಂಸ್ಥೆಯಲ್ಲಿನ ವರ್ಣಭೇದದ ವಿಷಯವನ್ನು ಬಹಿರಂಗವಾಗಿ ಎತ್ತಿದರು, ಮರುವರ್ಷ ಅದರ ಮೇಲೊಂದು ವರದಿ ಬಂತು. 2021ರಲ್ಲಿ ಕೊರಿಯಾದ ಪಾರ್ಕ್ ಸೇಉನ್ ಎತ್ವಾಲ್ ಆದರು. 2023ರ ಮಾರ್ಚಿನಲ್ಲಿ ಸೋಲ್ ನಗರದ ಪ್ರವಾಸದಲ್ಲಿ ಜಿಸೆಲ್ ಮುಗಿದ ಮೇಲೆ ಗಿಯೋಮ್ ದಿಯೋಪ್ ಅವರನ್ನು ಎತ್ವಾಲ್ ಎಂದು ಘೋಷಿಸಲಾಯಿತು. ಈ ಮನೆಯ ಮೊದಲ ಕಪ್ಪು ವರ್ಣದ ನಕ್ಷತ್ರ ಅವರು. ಮೂರೂವರೆ ಶತಮಾನ ಎಂಬುದು ತುಂಬ ತಡವೇ.

ಇನ್ನು ನಿವೃತ್ತಿ. ನಕ್ಷತ್ರವಾಗಲಿ, ಸಾಲಿನ ಕೊನೆಯವರಾಗಲಿ, 42ನೇ ವಯಸ್ಸಿಗೆ ತಂಡದಿಂದ ನಿವೃತ್ತಿ. ಇದಕ್ಕೆ ಹೊಂದಿಕೊಂಡ ಪಿಂಚಣಿ ವ್ಯವಸ್ಥೆಯ ಬೇರುಗಳು 1698ರಷ್ಟು ಹಿಂದಕ್ಕೆ, ಹದಿನಾಲ್ಕನೇ ಲೂಯಿಯ ಕಾಲಕ್ಕೇ ಹೋಗುತ್ತವೆ. ಸರ್ಕಾರ ಅದನ್ನು ಬದಲಿಸಲು ಹೊರಟಾಗ, 2019ರ ಡಿಸೆಂಬರ್ 24ರ ಚಳಿಯಲ್ಲಿ, ಮುಷ್ಕರದಲ್ಲಿದ್ದ ನರ್ತಕಿಯರು ಒಪೆರಾದ ಪಾಲೆ ಗಾರ್ನಿಯೆ ರಂಗಮಂದಿರದ ಹೊರಗಿನ ಮೆಟ್ಟಿಲುಗಳ ಮೇಲೆ, ಸಂಗೀತಗಾರರ ಜೊತೆಗೂಡಿ, ಹಂಸ ಸರೋವರದ ಭಾಗಗಳನ್ನು ದಾರಿಹೋಕರಿಗಾಗಿ ಕುಣಿದರು. ಎಂಟು ಹತ್ತರ ವಯಸ್ಸಿಗೇ ಮೈಯನ್ನು ಒಪ್ಪಿಸಿಕೊಟ್ಟವರಿಗೆ ಅರವತ್ತರವರೆಗೆ ಕುಣಿಯಿರಿ ಎನ್ನಲಾಗದು ಎಂಬುದು ಅವರ ವಾದ. ಮಂಡಿನೋವಿನ ಜೊತೆ ಬಾಳುತ್ತಿರುವ ನನಗೆ ಅದು ಪೂರ್ತಿ ನ್ಯಾಯವೆನ್ನಿಸಿತು.

ನಿವೃತ್ತರಾದವರೆಲ್ಲ ಮನೆ ಬಿಟ್ಟು ಹೋಗುವುದಿಲ್ಲ. 1997ರಲ್ಲಿ ಎತ್ವಾಲ್ ಆಗಿದ್ದ ಹೊಸೆ ಮಾರ್ತಿನೆಜ್, ಸ್ಪೇನಿನ ರಾಷ್ಟ್ರೀಯ ತಂಡವನ್ನು ವರ್ಷಗಟ್ಟಲೆ ನಡೆಸಿ, 2022ರ ಡಿಸೆಂಬರಿನಲ್ಲಿ ನೃತ್ಯ ನಿರ್ದೇಶಕರಾಗಿ ಮರಳಿದರು. 1999ರಲ್ಲಿ ಎತ್ವಾಲ್ ಆಗಿ ವೇದಿಕೆಗೆ ವಿದಾಯ ಹೇಳಿದ ಎಲಿಜಬೆತ್ ಪ್ಲಾತೆಲ್ 2004ರಿಂದ ನಾಂತೇರ್‌ನ ಶಾಲೆಯ ಹೊಣೆ ಹೊತ್ತರು. ದೆಫಿಲೆಯಲ್ಲಿ ಎಲ್ಲರಿಗಿಂತ ಮೊದಲು ಒಬ್ಬಳೇ ನಡೆದು ಬರುವ ಆ ಪುಟ್ಟ ಹುಡುಗಿಗೆ ತಲೆಯೆತ್ತಿ ನಡೆಯುವುದನ್ನು ಹೇಳಿಕೊಟ್ಟು ಕಳುಹಿಸುವುದು ಆ ಶಾಲೆಯೇ.