ಯುದ್ಧದಲ್ಲಿ ತೀರಿಕೊಂಡ ಅಜ್ಜನ ವಿಷಯ ನಿಮಗೆ ಎಲ್ಲಿ ಸಿಕ್ತು?

ಹುಬ್ಬಳ್ಳಿಯಲ್ಲಿ ಮದುವೆಗೆ ಹೋದರೂ, ಧಾರವಾಡದಲ್ಲಿ ಚಹಾ ಕುಡಿಯಲು ನಿಂತರೂ ಯಾರಾದರೂ ಇದನ್ನು ಕೇಳುತ್ತಾರೆ. "ನಮ್ಮ ಮನೆತನದಾಗೂ ಒಬ್ಬರು ಯುದ್ಧಕ್ಕ ಹೋಗಿ ಬರಲೇ ಇಲ್ಲಂತ್ರಿ. ಎಲ್ಲಿ ಹುಡುಕಬೇಕು?"

ನನಗೆ ಸಿಕ್ಕಿದ್ದು ದೇವರ ಜಗಲಿಯ ಮೇಲೆ.

ಅವರು ನನ್ನ ಅಜ್ಜನ ತಮ್ಮ. ಕಲಘಟಗಿ ತಾಲೂಕಿನವರು. ಮನೆಯಲ್ಲಿ ಮರಾಠಿ, ಊರಲ್ಲಿ ಕನ್ನಡ. ಐದು ಜನ ಅಣ್ಣತಮ್ಮಂದಿರು, ಭತ್ತದ ಗದ್ದೆ ಮಾತ್ರ ಚೂರೇ ಚೂರು. ಹಂಚಿಕೊಂಡರೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಒಬ್ಬನಾದರೂ ಪಗಾರ ತರಲಿ ಅಂತ ಬೆಳಗಾವಿಗೆ ಹೋಗಿ ಆಗಿನ ಬ್ರಿಟಿಷ್ ಸರ್ಕಾರದ ಸೈನ್ಯದ ಮರಾಠಾ ಪಲ್ಟನ್ (ರೆಜಿಮೆಂಟ್) ಸೇರಿದರು. ಮದುವೆಯಾದ ಮೇಲೆ ರಜೆಗೆ ಬಂದಿದ್ದು ಒಂದೇ ಸಲವಂತೆ.

ಅವರ ಹೆಂಡತಿಯನ್ನು ನಾವು ಸಣ್ಣಾಯಿ ಅನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಬೆಳ್ಳಿಯಂತೆ ಕಾಣುವ ಒಂದು ಪದಕವನ್ನು ಜಗಲಿಯ ಮೇಲಿಟ್ಟು, ಪ್ರತಿ ವರ್ಷ ಖಂಡೇಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ರಾಜನ ಮುಖವೇ ಸವೆದಿತ್ತು. ಆದರೆ ಅಂಚಿನಲ್ಲಿ ಸಣ್ಣ ಅಕ್ಷರಗಳಿದ್ದವು. ನಂಬರ್, ಹುದ್ದೆ, ಹೆಸರು, ಪಲ್ಟನ್. ಭಾರತದ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಹೀಗೆ ಹೆಸರು ಹೊಡೆಸುತ್ತಿದ್ದರು. ಹಾಗಾಗಿ ಕೇಳುವವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಟ್ರಂಕು, ಜಗಲಿ, ಅಟ್ಟ ನೋಡಿ. ಪದಕ ಸಿಕ್ಕರೆ ಅಂಚನ್ನು ಬೆಳಕಿಗೆ ಹಿಡಿಯಿರಿ.

ನಂಬರ್ ಸಿಕ್ಕ ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ಹುಡುಕಬಹುದು. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಲೆಕ್ಕ ಇಡುವ ಸಂಸ್ಥೆ ಅದು. ಪಟ್ಟಿ ಇಂಟರ್‌ನೆಟ್‌ನಲ್ಲಿದೆ, ದುಡ್ಡು ಕೊಡಬೇಕಿಲ್ಲ. ಹೆಸರು ಹಾಕಿ ಹುಡುಕಿದರೆ ಜಾಸ್ತಿ ಜನಕ್ಕೆ ಸಿಗುವುದಿಲ್ಲ. ಬರೆದುಕೊಂಡ ಗುಮಾಸ್ತನ ಕಿವಿಗೆ ಹೇಗೆ ಕೇಳಿತೋ ಹಾಗೆ ಇಂಗ್ಲಿಷ್‌ನಲ್ಲಿ ಬರೆದಿರುತ್ತಾರೆ. ಜಿಲ್ಲೆಯ ಹೆಸರನ್ನು 'ಧಾರ್ವಾರ್' ಎಂದು ಕೊನೆಗೆ ಆರ್ ಹಾಕಿ ಹುಡುಕಿ. ಗದಗ, ಹಾವೇರಿ ಕಡೆಯವರೂ ಹಾಗೇ ಮಾಡಿ. 1997ರವರೆಗೆ ಅವೂ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಅಲ್ವಾ?

ನಮ್ಮವರು ತೀರಿಕೊಂಡಿದ್ದು ಎರಿಟ್ರಿಯಾದ ಕೆರೆನ್‌ನಲ್ಲಿ, 1941ರ ಮಾರ್ಚ್‌ನಲ್ಲಿ. ಅಸ್ಮಾರಾಕ್ಕೆ ಹೋಗುವ ದಾರಿ ಅಲ್ಲಿ ಒಂದು ಕಣಿವೆಯೊಳಗೆ ಹಾಯುತ್ತದೆ. ಎರಡೂ ಕಡೆ ಬೋಳು ಗುಡ್ಡ, ಮೇಲೆ ಇಟಲಿಯ ಸೈನ್ಯ. ಕೆಳಗಿನಿಂದ ಹತ್ತುವವರು ನೀರನ್ನೂ ಗುಂಡನ್ನೂ ಹೊತ್ತುಕೊಂಡೇ ಹತ್ತಬೇಕು. ಮರಾಠಾ ಪಲ್ಟನ್ನಿನ ಮೂರನೇ ಬಟಾಲಿಯನ್ ಮಾರ್ಚ್ 15ರಂದು 'ಪಿನಾಕಲ್' ಅನ್ನುವ ಗುಡ್ಡ ಹತ್ತಿತು. ನಮ್ಮವರು ಹೋದದ್ದು ಮರುದಿನ. ಕೆರೆನ್ ಕೈಗೆ ಬಂದಿದ್ದು 27ಕ್ಕೆ. ಅಲ್ಲಿ ಅವರ ಗೋರಿ ಇಲ್ಲ. ದಹನ ಮಾಡಿದ ಹಿಂದೂ, ಸಿಖ್ ಸೈನಿಕರಿಗೆ ಅಂತಲೇ ಇರುವ ಸ್ಮಾರಕದಲ್ಲಿ ಹೆಸರಿದೆ.

ಮೊದಲ ಮಹಾಯುದ್ಧದವರನ್ನು ಹುಡುಕುವುದು ಇನ್ನೂ ಕಷ್ಟ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳದ್ದು ಪಲ್ಟನ್ನಿನ ಹೆಸರಿನ ಕೆಳಗೆ ಬರೀ ಲೆಕ್ಕ, ಇಷ್ಟು ಜನ ಅಂತ. ಇದು ತಪ್ಪು ಅಂತ ಕಮಿಷನ್ನೇ 2021ರಲ್ಲಿ ಒಪ್ಪಿಕೊಂಡಿತು. ಓದಿದಾಗ ಸಿಟ್ಟೂ ಬಂತು, ಅಳುವೂ ಬಂತು.

ನಮ್ಮವರ ದಾಖಲೆಯಲ್ಲಿ ಒಂದು ಸಾಲು ಹೆಚ್ಚಿಗೆ ಇದೆ. ಇಂಥವರ ಮಗ, ಇಂಥವಳ ಗಂಡ, ಇಂಥ ಊರು. ಆ ಸಾಲಿನಲ್ಲಿ ಸಣ್ಣಾಯಿಯ ಹೆಸರಿತ್ತು. ಮನೆಯಲ್ಲಿ ಅದನ್ನು ಯಾರೂ ಕರೆದದ್ದೇ ನಾನು ಕೇಳಿರಲಿಲ್ಲ. (ಮನೆಯವರು ಬೇಡ ಅಂದಿದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.) ಅತ್ತೆಗೆ ಓದಿ ಹೇಳಿದೆ. "ಹೌದಪಾ, ಅದು ಕಾಕಿ ಗಂಡನ ಮನಿ ಹೆಸರು. ತವರಮನ್ಯಾಗ ಬ್ಯಾರೆ ಇತ್ತು" ಅಂದರು. ಸುಮಾರು ಹೊತ್ತು ಮಾತಾಡಲಿಲ್ಲ.

ಸತ್ತ ಸುದ್ದಿ ಊರಿಗೆ ಬಂದಿದ್ದು ತಿಂಗಳುಗಳ ನಂತರ. ಯಾವತ್ತು ಅಂತ ತಿಳಿಯದೆ, ಮಹಾಲಯ ಅಮಾವಾಸ್ಯೆಗೇ ಅವರ ಎಡೆ ಇಡುತ್ತಾ ಬಂದಿದ್ದೆವು. ಈಗ ತಾರೀಖು ಸಿಕ್ಕಿತಲ್ಲ, ಪಂಚಾಂಗ ನೋಡಿ ತಿಥಿ ತೆಗೆಸೋಣವೇ ಅಂತ ಅತ್ತೆಯನ್ನು ಕೇಳಿದೆ.

"ಬ್ಯಾಡ. ಕಾಕಿ ಅಷ್ಟು ವರ್ಷ ಅಮಾಸಿಗೇ ಎಡಿ ಹಿಡದಾಳ. ಅವತ್ತೇ ಇರಲಿ."