ಎಲ್ಲ ನಿಂತಿರುವುದು ಪಹಣಿಯ 9ನೇ ಕಾಲಂ ಮೇಲೆ

‘ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂತು, ನಮಗೆ ಬರಲಿಲ್ಲ.’ ಬರ ಬಿದ್ದ ವರ್ಷವೆಲ್ಲ ಈ ಮಾತು ಇದ್ದದ್ದೇ. ಮಳೆ ಕೈಕೊಟ್ಟದ್ದು ಇಬ್ಬರಿಗೂ. ಫರಕು ಇರುವುದು ದಾಖಲೆಯಲ್ಲಿ. ಪರಿಹಾರ, ಬೆಂಬಲ ಬೆಲೆ ಖರೀದಿ, ಸಬ್ಸಿಡಿ ಎಲ್ಲಕ್ಕೂ ಈಗ ಫ್ರೂಟ್ಸ್ ಎಂಬ ರೈತ ನೋಂದಣಿ ತಂತ್ರಾಂಶದ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಬೇಕು, ಎಫ್‌ಐಡಿಗೆ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಹೆಸರು ಬೇಕು.

ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಾಸ್‌ಬುಕ್, ಪಹಣಿ ಒಯ್ದರೆ ಎಫ್‌ಐಡಿ ಮಾಡಿಕೊಡುತ್ತಾರೆ. ಅಲ್ಲಿಗೇ ಬಿಟ್ಟು ಬರಬೇಡಿ. ನಾಲ್ಕು ಸರ್ವೆ ನಂಬರ್ ಇದ್ದು ಎರಡೇ ಸೇರಿಸಿದ್ದರೆ ಉಳಿದೆರಡಕ್ಕೆ ದುಡ್ಡು ಬರುವುದಿಲ್ಲ. ಪಹಣಿಯಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜ’ ಎಂದಿದ್ದರೂ ತಡೆಯುತ್ತದೆ. ಹಣ ಜಮೆಯಾಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್‌ಗೆ ಜೋಡಣೆಯಾದ ಖಾತೆಗೆ. ಪಾಸ್‌ಬುಕ್ ಕೊಟ್ಟದ್ದು ಒಂದು ಬ್ಯಾಂಕಿನದು, ದುಡ್ಡು ಬಿದ್ದದ್ದು ಇನ್ನೊಂದರಲ್ಲಿ ಎನ್ನುವುದು ಇದಕ್ಕೇ.

ನಿಜವಾದ ಪೇಚು ಬೆಳೆ ಸಮೀಕ್ಷೆಯದು. ಯಾವ ಹೊಲದಲ್ಲಿ ಯಾವ ಬೆಳೆ ಎಂದು ಆ್ಯಪ್‌ನಲ್ಲಿ ದಾಖಲಿಸುವ ಕೆಲಸ ಅದು. ಹೊಲದ ಗಡಿಯೊಳಗೆ ನಿಂತು, ಜಿಪಿಎಸ್ ಹಾಕಿ, ಸರ್ವೆ ನಂಬರ್ ಮತ್ತು ಹಿಸ್ಸಾ (ಅದರೊಳಗಿನ ಪಾಲಿನ ಸಂಖ್ಯೆ) ಆರಿಸಿ, ಬೆಳೆಯ ಫೋಟೊ ತೆಗೆಯಬೇಕು. ರೈತ ಮಾಡದಿದ್ದರೆ ಸಮೀಕ್ಷೆಗೆಂದು ನೇಮಿಸಿದ ಊರಿನವನು, ಇಲಾಖೆಯ ಮಾತಿನಲ್ಲಿ ‘ಖಾಸಗಿ ನಿವಾಸಿ’, ಮಾಡುತ್ತಾನೆ. ಅವನು ರಸ್ತೆ ಬದಿಯಿಂದಲೇ ನೋಡಿ ಹತ್ತಿ ಬರೆದರೆ ಸಾಲಿನ ನಡುವಿನ ತೊಗರಿ ದಾಖಲೆಯಲ್ಲಿ ಇಲ್ಲ. ವಿಮೆ ಕಟ್ಟಿದ್ದು ತೊಗರಿಗಾದರೆ ಆ ಅರ್ಜಿಯೂ ಸಿಕ್ಕಿಬಿತ್ತು. ಮಿಶ್ರ ಬೆಳೆಯನ್ನು ವಿಸ್ತೀರ್ಣ ಸಹಿತ ಬೇರೆಯಾಗಿ ತುಂಬಿ. ಆಮೇಲೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೇ ಆಕ್ಷೇಪಣೆ ಹಾಕಿ. ತೊಗರಿ ರಾಶಿ ಮಾಡಿ ಖರೀದಿ ಕೇಂದ್ರಕ್ಕೆ ಹೋದಾಗ ನೆನಪಾದರೆ ಹೊತ್ತು ಮೀರಿರುತ್ತದೆ.

ಇಷ್ಟೆಲ್ಲ ಪಹಣಿಯಲ್ಲಿ ಹೆಸರಿದ್ದವರ ಕಷ್ಟ. ಲಾವಣಿಗೋ ಪಾಲಿಗೋ ಹೊಲ ಮಾಡುವವರಿಗೆ ಈ ಬಾಗಿಲೇ ಇಲ್ಲ. ಸಾಗುವಳಿದಾರರಿಗೆಂದು ಪಹಣಿಯಲ್ಲಿ 12ನೇ ಕಾಲಂ ಇದೆ ನಿಜ. ಆದರೆ 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ, ಸೈನಿಕರಂಥ ಕೆಲವರ ಜಮೀನು ಬಿಟ್ಟರೆ, ಗೇಣಿಗೆ ಕೊಡುವುದೇ ನಿಷಿದ್ಧ. ಹಾಗಾಗಿ ಒಪ್ಪಂದವೆಲ್ಲ ಬಾಯಿಮಾತು, ಮಾಲೀಕ ಅಲ್ಲಿ ಇನ್ನೊಬ್ಬನ ಹೆಸರು ಬರೆಸುವ ಮಾತೇ ಇಲ್ಲ. ಬೀಜ, ಗೊಬ್ಬರ, ಕೂಲಿ ಪಾಲುದಾರನದು; ಬೆಳೆ ಹೋದರೆ ಪರಿಹಾರ ಊರು ಬಿಟ್ಟು ಬೆಂಗಳೂರಲ್ಲಿರುವ 9ನೇ ಕಾಲಂನ ಧಣಿಯದು. ಬೆಂಬಲ ಬೆಲೆಗೆ ಮಾರಲೂ ಧಣಿಯ ಎಫ್‌ಐಡಿ ಬೇಕು. ಅವನು ಒಪ್ಪದಿದ್ದರೆ ದಲಾಲಿ ಕೇಳಿದ ದರಕ್ಕೆ ಕೊಡಬೇಕು. ಈ ಅನ್ಯಾಯವನ್ನು ಆ್ಯಪ್ ಹುಟ್ಟಿಸಿದ್ದಲ್ಲ. ಮೊದಲು ಊರಿನ ಶಾನುಭೋಗರಿಗಾದರೂ ಯಾರು ಉಳುತ್ತಾರೆ ಅಂತ ಕಣ್ಣಿಗೆ ಕಾಣುತ್ತಿತ್ತು, ತಂತ್ರಾಂಶಕ್ಕೆ ಅದೂ ಕಾಣುವುದಿಲ್ಲ.

ತೀರಿಹೋದ ಅಪ್ಪನ ಹೆಸರಲ್ಲೇ ಪಹಣಿ ಇರುವ ಮನೆಗಳ ಪಾಡೂ ಹೆಚ್ಚುಕಡಿಮೆ ಇದೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ತಕರಾರು ಬಂದು ಮ್ಯುಟೇಶನ್ (ಹೆಸರು ಬದಲಾವಣೆ) ನಿಲ್ಲುತ್ತದೆ, ಅದು ನಿಂತಷ್ಟು ದಿನ ಎಫ್‌ಐಡಿಯೂ ಇಲ್ಲ.

ಪಿಎಂ ಕಿಸಾನ್ ಇ-ಕೆವೈಸಿಗೆ (ಆಧಾರ್ ಮೂಲಕ ಗುರುತು ಖಚಿತಪಡಿಸುವುದಕ್ಕೆ) ಬೆರಳು ಸವೆದು ಬಯೋಮೆಟ್ರಿಕ್ ಹಿಡಿಯದ ಹಿರಿಯರಿದ್ದರೆ, ಅದರ ಆ್ಯಪ್‌ನಲ್ಲೇ ಮುಖ ತೋರಿಸಿ ಮುಗಿಸಬಹುದು. ಪಟ್ಟಣದಲ್ಲಿರುವ ಮಗನ ಫೋನಿಗೆ ಬರುವ ಒಟಿಪಿಗೆ ಕಾಯಬೇಕಿಲ್ಲ.